ಟ್ರೇಲರಿನ ಕೊಕ್ಕೆ: ಹಂಗಾಮಿಗೆ ಮುನ್ನ ಒಂದು ಲೆಕ್ಕ

ಕೃಷ್ಣಾ ನದಿಯ ದಂಡೆಯ ಗಲಗಲಿಯಲ್ಲಿ ಕಬ್ಬಿನ ಹಂಗಾಮು ಆರಂಭವಾಯಿತೆಂದು ತಿಳಿಯಲು ಪಂಚಾಂಗ ನೋಡಬೇಕಾಗಿಲ್ಲ. ಅಕ್ಟೋಬರ್ ಕೊನೆ ಅಥವಾ ನವೆಂಬರ್ ಬಂತೆಂದರೆ ಸಾಕು, ಒಂದರ ಹಿಂದೆ ಒಂದರಂತೆ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಹೊರಟ ಟ್ರ್ಯಾಕ್ಟರುಗಳ ಸಾಲು ಹಗಲು ರಾತ್ರಿ ರಸ್ತೆಯನ್ನು ತುಂಬಿಬಿಡುತ್ತದೆ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲ್ಲೂಕುಗಳ ವ್ಯಾಪಾರದ ನಾಡಿ ಈ ಸಾಲಿನೊಂದಿಗೆ ಮಿಡಿಯುತ್ತದೆ. ಟ್ರ್ಯಾಕ್ಟರ್ ಸಾಲದ ಕಂತು, ಕಬ್ಬು ಕಡಿಯುವ ಗ್ಯಾಂಗಿಗೆ ಕೊಟ್ಟ ಮುಂಗಡ, ಡೀಸೆಲ್ ಬಂಕಿನ ಉದ್ರಿ, ಟೈರಿನ ಅಂಗಡಿಯ ಬಾಕಿ ಎಲ್ಲವೂ ಈ ನಾಲ್ಕೈದು ತಿಂಗಳ ಬಾಡಿಗೆಯಲ್ಲಿಯೇ ತೀರಬೇಕು.

ಇಷ್ಟೆಲ್ಲ ವ್ಯವಹಾರವನ್ನು ಹೊತ್ತು ನಿಂತಿರುವುದು ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಬೆಸೆಯುವ ಒಂದು ಕೊಕ್ಕೆ, ಹೆಬ್ಬೆರಳಿಗಿಂತ ತುಸು ದಪ್ಪನಾದ ಒಂದು ಪಿನ್ನು ಮತ್ತು ಅದು ಮೇಲೆದ್ದು ಬಾರದಂತೆ ತಡೆಯುವ ಒಂದು ಚಿಕ್ಕ ಕೀಲು. ಎತ್ತಿನ ಬಂಡಿಯ ಕಾಲದಲ್ಲಿ ಕಡೆಗೀಲನ್ನು ನೋಡದೆ ಯಾವ ಒಕ್ಕಲಿಗನೂ ಬಂಡಿ ಹೂಡುತ್ತಿರಲಿಲ್ಲ. ಲಕ್ಷಾಂತರ ರೂಪಾಯಿಯ ಟ್ರ್ಯಾಕ್ಟರು ಬಂದ ಮೇಲೆ ಆ ಎಚ್ಚರ ಸಡಿಲಗೊಂಡಿದೆ. ಎಂಜಿನ್ನಿನ ಅಶ್ವಶಕ್ತಿಯನ್ನು ಹತ್ತು ಕಡೆ ವಿಚಾರಿಸಿ ಕೊಳ್ಳುವ ಮಾಲೀಕರು, ಕೊಕ್ಕೆಯನ್ನು ಮಾತ್ರ ಗ್ಯಾರೇಜಿನಲ್ಲಿ ಕೈಗೆ ಸಿಕ್ಕದ್ದನ್ನು ಹಾಕಿಸಿ ಮುಗಿಸುತ್ತಾರೆ.

ನೀರು ತಂದ ವಹಿವಾಟು

ಈ ಭಾಗಕ್ಕೆ ಕಬ್ಬು ಬಂದದ್ದು ನೀರಿನ ಹಿಂದೆ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈ ಬಗ್ಗಿಸಿ ಕೃಷ್ಣೆಗೆ ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜು ನಾಡಿಗೇ ಮಾದರಿಯೆನಿಸಿತು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಏತ ನೀರಾವರಿ ಹಬ್ಬಿದಂತೆ ಸಕ್ಕರೆ ಕಾರ್ಖಾನೆಗಳೂ ಹೆಚ್ಚಿದವು. ಸಮೀರವಾಡಿ, ಮುಧೋಳ, ತಿಮ್ಮಾಪುರ, ಹಿರೇಪಡಸಲಗಿ ಮುಂತಾದ ಹೆಸರುಗಳು ಈಗ ಊರಿನ ಹೆಸರುಗಳಾಗಿರುವಷ್ಟೇ ಕಾರ್ಖಾನೆಯ ಹೆಸರುಗಳೂ ಆಗಿವೆ. ಮಹಾಲಿಂಗಪುರದ ಬೆಲ್ಲದ ಪೇಟೆಯೂ ಇದೇ ಕಬ್ಬನ್ನು ನಂಬಿದೆ.

ಹೊಲದಿಂದ ಕಾರ್ಖಾನೆಯ ಕಾಟಾದವರೆಗೆ ಕಬ್ಬು ಬೇಗ ತಲುಪಬೇಕು. ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ. ಆದುದರಿಂದ ಒಂದೇ ಸುತ್ತಿನಲ್ಲಿ ಹೆಚ್ಚು ಹೇರುವ ಆಸೆ ಸಹಜ. ಆ ಆಸೆಗೆ ಮೊದಲು ಸೋಲುವುದು ಕೊಕ್ಕೆ.

ಕೊಕ್ಕೆಯ ಮೇಲಿನ ಭಾರ

ಒಂದು ಸರಳ ಲೆಕ್ಕವನ್ನು ಹಾಕಿ ನೋಡಬಹುದು. ಸ್ವಂತ ತೂಕವೂ ಸೇರಿ ತಲಾ 10 ಟನ್ ತೂಗುವ ಎರಡು ಟ್ರೇಲರುಗಳಿವೆಯೆಂದು ಭಾವಿಸೋಣ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಾಲಿಗಳು ಒಡ್ಡುವ ಪ್ರತಿರೋಧವನ್ನು ಭಾರದ ಸುಮಾರು ಶೇಕಡಾ 2 ಎಂದು ಹಿಡಿದರೆ, ಕೊಕ್ಕೆಯ ಮೇಲೆ ಬೀಳುವ ಎಳೆತ ಸುಮಾರು 400 ಕಿಲೋ ಮಾತ್ರ. ಇದೇ ಸಾಲು 20 ಅಡಿಗೆ ಒಂದು ಅಡಿ ಏರುವ ದಿಣ್ಣೆಯನ್ನು ಹತ್ತುವಾಗ ಇದಕ್ಕೆ 1,000 ಕಿಲೋ ಕೂಡಿ ಎಳೆತ 1,400 ಕಿಲೋ ಆಗುತ್ತದೆ. ಹಸಿಯಾದ ಎರೆಹೊಲದ ದಾರಿಯಲ್ಲಿ ಪ್ರತಿರೋಧ ಶೇಕಡಾ 10ಕ್ಕೆ ಏರಿದರೆ ಸಮತಟ್ಟಿನಲ್ಲಿಯೇ ಎಳೆತ 2,000 ಕಿಲೋ ಮುಟ್ಟುತ್ತದೆ.

ಈ ಲೆಕ್ಕದಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಎರಡನೆಯ ಟ್ರೇಲರಿನ ಕೊಕ್ಕೆ ಒಂದು ಟ್ರೇಲರಿನ ಭಾರವನ್ನು ಎಳೆದರೆ, ಟ್ರ್ಯಾಕ್ಟರಿನ ಕೊಕ್ಕೆಯೂ ಮೊದಲ ಟ್ರೇಲರಿನ ಎಳೆಬಾರೂ ಎರಡರ ಭಾರವನ್ನು ಹೊರುತ್ತವೆ. ಒಂದೇ ಟ್ರೇಲರಿಗೆಂದು ಮಾಡಿಸಿದ ಕೊಕ್ಕೆಗೆ ಇನ್ನೊಂದನ್ನು ಪೋಣಿಸಿದಾಗ ಅದರ ಕೆಲಸ ಇಮ್ಮಡಿಯಾಗುತ್ತದೆ. ಎರಡನೆಯದು, ಮೇಲಿನ ಅಂಕಿಗಳೆಲ್ಲ ನಿಧಾನವಾದ, ಸಮನಾದ ಎಳೆತಕ್ಕೆ ಸಂಬಂಧಿಸಿದವು. ಪಿನ್ನಿಗೂ ಕಣ್ಣಿಗೂ ನಡುವೆ ಸಂದು ಬಿಟ್ಟಿದ್ದರೆ, ಕ್ಲಚ್ ಬಿಟ್ಟೊಡನೆ ಬೀಳುವ ಜಗ್ಗು ಇದರ ಕೆಲವು ಪಟ್ಟು ಇರುತ್ತದೆ. ಕೊಕ್ಕೆ ಮುರಿಯುವುದು ಬಹುಮಟ್ಟಿಗೆ ಇಂತಹ ಜಗ್ಗಿನಿಂದಲೇ.

ಆಯ್ಕೆಯ ವಿವೇಕ

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಎಳೆಯಲು ಬಳಸುವ ಜಾಗಗಳು ಮೂರು ಬಗೆಯವು. ಹೌಸಿಂಗಿನ ಕೆಳಗಿನಿಂದ ಹೊರಚಾಚಿದ ಡ್ರಾಬಾರ್ ಒಂದು. ಹೌಸಿಂಗಿನ ಹಿಂಬದಿಗೆ ಬೋಲ್ಟಿನಿಂದ ಬಿಗಿದ ಟ್ರೇಲರ್ ಹುಕ್ಕು ಇನ್ನೊಂದು. ಎರಡು ಕೆಳತೋಳುಗಳ ನಡುವೆ ಅಡ್ಡಲಾಗಿ ಕೂರಿಸುವ, ಸಾಲು ತೂತುಗಳಿರುವ ಪಟ್ಟಿ ಮೂರನೆಯದು. ಈ ಮೂರನೆಯದು ನೇಗಿಲು, ಕುಂಟೆಗಳಂತಹ ಹೊಲದ ಸಲಕರಣೆಗಳಿಗೆ ಉದ್ದೇಶಿಸಿದ್ದು. ತುಂಬಿದ ಟ್ರೇಲರನ್ನು ಅದಕ್ಕೆ ಪೋಣಿಸಿ ರಸ್ತೆಗೆ ಇಳಿಯುವುದು ಸಲ್ಲದು. ಮೇಲಿನ ತೋಳಿನ ಬ್ರಾಕೆಟ್ಟಿಗೆ ಸರಪಳಿ ಹಾಕಿ ಎಳೆಯುವುದಂತೂ ಜೀವಕ್ಕೇ ಅಪಾಯ. ಎಳೆಯುವ ಬಿಂದು ಮೇಲಕ್ಕೆ ಹೋದಷ್ಟೂ ಟ್ರ್ಯಾಕ್ಟರು ಹಿಂದಿನ ಅಚ್ಚಿನ ಸುತ್ತ ತಿರುಗಿ ಮುಂಗಾಲೆತ್ತುತ್ತದೆ. ಅದು ಪೂರ್ತಿ ಮಗುಚಲು ಒಂದೆರಡು ಕ್ಷಣ ಸಾಕು. ಚಾಲಕನಿಗೆ ಕ್ಲಚ್ ತುಳಿಯುವಷ್ಟೂ ಸಮಯ ಸಿಗುವುದಿಲ್ಲ.

ಟ್ರೇಲರಿನ ಬಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾಲ್ಕು ಗಾಲಿಯ ಟ್ರೇಲರಿನ ಭಾರವನ್ನು ಅದರ ಗಾಲಿಗಳೇ ಹೊರುತ್ತವೆ, ಕೊಕ್ಕೆಯ ಪಾಲಿಗೆ ಬರುವುದು ಎಳೆತ ಮಾತ್ರ. ಎರಡು ಗಾಲಿಯ ಟ್ರೇಲರಾದರೋ ಎಳೆತದೊಡನೆ ತನ್ನ ಭಾರದ ಒಂದು ಪಾಲನ್ನೂ ಕೊಕ್ಕೆಯ ಮೇಲೆ ಹೇರುತ್ತದೆ. ಮುಂದೆ ಹೆಚ್ಚು ಹೇರಿದರೆ ಟ್ರ್ಯಾಕ್ಟರಿನ ಮುಂಗಾಲಿ ಹಗುರಾಗಿ ಸ್ಟೇರಿಂಗ್ ಕೈತಪ್ಪುತ್ತದೆ. ಹಿಂದೆ ಹೆಚ್ಚು ಹೇರಿದರೆ ಕೊಕ್ಕೆ ಮೇಲಕ್ಕೆ ಎತ್ತಲ್ಪಟ್ಟು ಹಿಂಗಾಲಿಗಳ ಹಿಡಿತ ತಪ್ಪುತ್ತದೆ. ಆದುದರಿಂದ ಕೊಕ್ಕೆ ಕೊಳ್ಳುವಾಗ ಎಳೆಯುವ ಶಕ್ತಿಯ ಜೊತೆಗೆ ಮೇಲಿನಿಂದ ಹೊರುವ ಶಕ್ತಿಯನ್ನೂ ಕೇಳಿ ತಿಳಿಯಬೇಕು. ಇವೆರಡಕ್ಕೂ ಉತ್ತರ ಟ್ರ್ಯಾಕ್ಟರ್ ಕಂಪನಿಯ ಕೈಪಿಡಿಯಲ್ಲಿರುತ್ತದೆ.

ಜೋಡಣೆಯ ಶಿಸ್ತು

ಒಳ್ಳೆಯ ಕೊಕ್ಕೆಯೂ ಕೆಟ್ಟ ಜೋಡಣೆಯಿಂದ ಹಾಳಾಗುತ್ತದೆ. ಟ್ರ್ಯಾಕ್ಟರಿನ ಹಿಂಭಾಗದ ಹೌಸಿಂಗು ಸಾಮಾನ್ಯವಾಗಿ ಬೀಡು ಕಬ್ಬಿಣದ ಎರಕ. ಅದಕ್ಕೆ ನೇರವಾಗಿ ವೆಲ್ಡಿಂಗ್ ಮಾಡಿದರೆ ಶಾಖದ ಏರುಪೇರಿನಿಂದ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ. ಅವು ಕಣ್ಣಿಗೆ ಕಾಣುವ ಹೊತ್ತಿಗೆ ಹೌಸಿಂಗನ್ನೇ ಬದಲಿಸುವ ಖರ್ಚು ತಲೆಯ ಮೇಲೆ ಬಂದಿರುತ್ತದೆ. ಕಂಪನಿಯವರು ಕೊರೆದು ಕೊಟ್ಟ ತೂತುಗಳಿಗೆ ಬೋಲ್ಟಿನಿಂದ ಬಿಗಿಯುವುದೊಂದೇ ಸರಿಯಾದ ಮಾರ್ಗ.

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿ ಇರುತ್ತದೆ. ಅದು ಉಕ್ಕಿನ ಬಲದ ಗುರುತು. ಕೈಪಿಡಿ ಹೇಳಿದ ಗುರುತಿನ ಬೋಲ್ಟಿನ ಜಾಗದಲ್ಲಿ ಗುರುತಿಲ್ಲದ ಬೋಲ್ಟನ್ನು ಹಾಕಬಾರದು. ಪಾನಾದ ತುದಿಗೆ ಪೈಪು ಸಿಕ್ಕಿಸಿ ಮೈಮೇಲೆ ಬಿದ್ದು ಬಿಗಿಯುವುದೂ ತಪ್ಪೇ. ಟಾರ್ಕ್ ಪಾನಾದಿಂದ ಹೇಳಿದಷ್ಟೇ ಬಿಗಿದು, ಮೊದಲ ಕೆಲವು ಸುತ್ತುಗಳ ನಂತರ ಮತ್ತೊಮ್ಮೆ ಬಿಗಿಯಬೇಕು. ಪಿನ್ನಿನ ಜಾಗದಲ್ಲಿ ಕಟ್ಟಡದ ಕಬ್ಬಿಣದ ಸರಳಿನ ತುಂಡನ್ನು ತೂರಿಸುವ ರೂಢಿಯನ್ನು ಇಂದೇ ಬಿಡಬೇಕು. ಪಿನ್ನಿನ ಕೆಳತುದಿಗೆ ಕೀಲು ಕಡ್ಡಾಯ, ತಂತಿಯ ಸುತ್ತು ಕೀಲಾಗದು. ಇದರ ಮೇಲೆ ಒಂದು ಸುರಕ್ಷಾ ಸರಪಳಿಯನ್ನು ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ, ಮತ್ತೊಂದನ್ನು ಎರಡು ಟ್ರೇಲರುಗಳ ನಡುವೆ ಹಾಕಿದರೆ, ಪಿನ್ನು ಮುರಿದ ಗಳಿಗೆಯಲ್ಲಿ ತುಂಬಿದ ಟ್ರೇಲರು ತಾನೇ ತಾನಾಗಿ ಎದುರಿನ ಬಸ್ಸಿನತ್ತ ಉರುಳುವುದು ತಪ್ಪುತ್ತದೆ.

ಎರಡು ಬಗೆಯ ಸವಕಳಿ

ಲೆಕ್ಕಪತ್ರದಲ್ಲಿ ಟ್ರ್ಯಾಕ್ಟರಿಗೆ ವರ್ಷವರ್ಷವೂ ಸವಕಳಿ ಬರೆಯುವ ಮಾಲೀಕರು ಪಿನ್ನಿನ ಸವಕಳಿಯನ್ನು ಎಂದೂ ಬರೆಯುವುದಿಲ್ಲ. 30 ಮಿಲಿಮೀಟರ್ ದಪ್ಪದ ಪಿನ್ನು ಸವೆದು 26 ಮಿಲಿಮೀಟರ್ ಆಯಿತೆನ್ನೋಣ. ನೋಡಲು ಹೋದದ್ದು ನಾಲ್ಕೇ ಮಿಲಿಮೀಟರ್. ಆದರೆ ಕತ್ತರಿಸುವ ಬಲವನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಆ ಪಿನ್ನು ತನ್ನ ಶಕ್ತಿಯ ನಾಲ್ಕನೆಯ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾದ್ದರಿಂದ ಅಲ್ಲಿ ಕಳೆದದ್ದು ಶೇಕಡಾ 35. ಇಷ್ಟರ ಮೇಲೆ ಸಂದು ಹೆಚ್ಚಿ ಜಗ್ಗೂ ಹೆಚ್ಚುತ್ತದೆ. ಒಂದು ಕಡೆ ಆಸ್ತಿ ಕುಗ್ಗುತ್ತ ಇನ್ನೊಂದು ಕಡೆ ಹೊಣೆ ಬೆಳೆಯುತ್ತ ಹೋದ ಅಂಗಡಿಯ ಗತಿ ಏನಾಗುವುದೆಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಿನ್ನಿನ ಬೆಲೆ ಕೆಲವು ನೂರು ರೂಪಾಯಿ. ಹಂಗಾಮಿನಲ್ಲಿ ವಾರಕ್ಕೊಮ್ಮೆ ಅಳತೆ ನೋಡಿ, ಸವೆದದ್ದನ್ನು ತೆಗೆದೊಗೆಯುವುದು ಅತಿ ಅಗ್ಗದ ವಿಮೆ. ಸವೆದ ಪಿನ್ನಿಗೆ ವೆಲ್ಡಿಂಗ್ ತುಂಬಿ ಮತ್ತೆ ಬಳಸಬಾರದು. ಬೆಸುಗೆಯ ಶಾಖ ಉಕ್ಕಿನ ಹದವನ್ನು ಕೆಡಿಸುತ್ತದೆ.

ಕಾಯ್ದೆ ಮತ್ತು ವಿಮೆ

ಕೇಂದ್ರ ಮೋಟಾರು ವಾಹನ ನಿಯಮಗಳು ಕೃಷಿ ಟ್ರೇಲರನ್ನು ವ್ಯಾಖ್ಯಾನಿಸುವಾಗಲೇ ಕೊಕ್ಕೆಯ ಮಾತನ್ನು ಎತ್ತುತ್ತವೆ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರು ಸ್ವತಂತ್ರವಾದ ಒಂದು ವಾಹನ. ಅದಕ್ಕೆ ಬೇರೆಯೇ ನೋಂದಣಿ ಬೇಕು. ಕಾಯ್ದೆಯ 61ನೆಯ ಕಲಮಿನಂತೆ ಎಳೆಯುವ ಟ್ರ್ಯಾಕ್ಟರಿನ ನೋಂದಣಿ ಸಂಖ್ಯೆ ಸಾಲಿನ ಕೊನೆಯ ಟ್ರೇಲರಿನ ಮೇಲೂ ಕಾಣಬೇಕು. ತಯಾರಕರ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 52ನೆಯ ಕಲಮು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ 194ನೆಯ ಕಲಮಿನಲ್ಲಿ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಸರಕು ಪಕ್ಕಕ್ಕೆ ಹೊರಚಾಚಿದರೂ 20,000 ರೂಪಾಯಿ ದಂಡ.

ದಂಡಕ್ಕಿಂತ ದೊಡ್ಡ ಪೆಟ್ಟು ಬೀಳುವುದು ವಿಮೆಯಲ್ಲಿ. ಟ್ರ್ಯಾಕ್ಟರಿಗೆ ಪಾಲಿಸಿ ಮಾಡಿಸಿ, ಪ್ರೀಮಿಯಂ ಉಳಿಸಲು ಟ್ರೇಲರನ್ನು ಬಿಟ್ಟುಬಿಡುವವರಿದ್ದಾರೆ. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಓರಿಯಂಟಲ್ ಇನ್ಶೂರೆನ್ಸ್ ಕಂಪನಿ ಮತ್ತು ಬ್ರಿಜ್ ಮೋಹನ್ ಪ್ರಕರಣ ಇಂತಹವರಿಗೆ ಪಾಠವಾಗಬೇಕು. ಟ್ರ್ಯಾಕ್ಟರಿಗೆ ಕೃಷಿ ಉದ್ದೇಶಕ್ಕೆ ಮಾತ್ರ ವಿಮೆಯಿತ್ತು, ಟ್ರೇಲರಿಗೆ ಇರಲಿಲ್ಲ. ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸುವ ಕೆಲಸದಲ್ಲಿ ಟ್ರೇಲರಿನ ಮೇಲಿದ್ದ ಕೂಲಿಕಾರ ಗಾಯಗೊಂಡ. ವಿಮಾ ಕಂಪನಿ ಹೊಣೆಯಲ್ಲವೆಂದು ನ್ಯಾಯಾಲಯ ಹೇಳಿತು. ಬಡ ಕೂಲಿಕಾರನ ಹಿತದೃಷ್ಟಿಯಿಂದ ತನ್ನ ವಿಶೇಷ ಅಧಿಕಾರ ಬಳಸಿ, ಕಂಪನಿ ಮೊದಲು ಪರಿಹಾರ ಕೊಟ್ಟು ಅದನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶಿಸಿತು. ಎಂದರೆ ಕೊನೆಗೆ ಹಣ ಹೋಗುವುದು ಮಾಲೀಕನ ಮನೆಯಿಂದಲೇ.

ಕಬ್ಬಿನ ಹೇರಿನ ಮೇಲೆ ಗ್ಯಾಂಗಿನವರನ್ನು, ಅವರ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಹೋಗುವ ಮಾಲೀಕರು ಈ ತೀರ್ಪನ್ನು ನೆನಪಿನಲ್ಲಿಡಬೇಕು. ಚಾಲಕನ ಪರವಾನಗಿಯ ವಿಷಯದಲ್ಲಿ ಮಾತ್ರ ಮಾಲೀಕರಿಗೆ ತುಸು ನೆಮ್ಮದಿಯಿದೆ. ಕರ್ನಾಟಕದಿಂದಲೇ ಹೋದ ನಾಗಶೆಟ್ಟಿ ಪ್ರಕರಣದಲ್ಲಿ, ಟ್ರ್ಯಾಕ್ಟರು ಓಡಿಸಲು ಸಿಂಧುವಾದ ಪರವಾನಗಿಯುಳ್ಳವನು ಟ್ರೇಲರು ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲವೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೆ ಪರವಾನಗಿಯೇ ಇಲ್ಲದ ಹುಡುಗನ ಕೈಗೆ ಸ್ಟೇರಿಂಗ್ ಕೊಟ್ಟವರಿಗೆ ಈ ತೀರ್ಪು ಆಸರೆಯಾಗದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ಐದು ವರ್ಷಗಳವರೆಗೆ ಸಜೆಯಾಗಬಹುದು.

ತಯಾರಕರ ಹೊಣೆ, ತಯಾರಕರ ಅವಕಾಶ

ಟ್ರೇಲರು, ಎಳೆಬಾರು, ಕೊಕ್ಕೆಗಳನ್ನು ತಯಾರಿಸುವ ಸಣ್ಣ ವರ್ಕ್‌ಶಾಪುಗಳಿಗೂ ಇಲ್ಲಿ ಯೋಚಿಸಬೇಕಾದ ಮಾತಿದೆ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಉತ್ಪನ್ನದ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಬಳಸುವ ಕ್ರಮವನ್ನು ಸರಿಯಾಗಿ ತಿಳಿಸದಿರುವುದು ಇವೆಲ್ಲಕ್ಕೂ ತಯಾರಕ ಹೊಣೆಯಾಗಬಹುದು. ಗಿರಾಕಿ ಹೇಳಿದಂತೆ ಮಾಡಿಕೊಟ್ಟೆನೆಂಬ ಬಾಯಿಮಾತು ಸಾಲದು. ಕೃಷಿ ಟ್ರೇಲರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 8213 ಎಂಬ ಮಾನಕವಿದೆ. ಅದರ ಪ್ರತಿಯೊಂದನ್ನು ವರ್ಕ್‌ಶಾಪಿನಲ್ಲಿ ಇಟ್ಟುಕೊಂಡು ಅದರಂತೆ ನಡೆಯುವುದು ಕ್ಷೇಮ.

ಯುರೋಪಿನಲ್ಲಿ ಮನೆಯಂತೆ ಸಜ್ಜುಗೊಳಿಸಿದ ಪ್ರವಾಸಿ ವ್ಯಾನುಗಳಿಗೂ ಕಾರುಗಳಿಗೂ ಟ್ರೇಲರು ಎಳೆಯುವ ಕೊಕ್ಕೆ ಹಾಕಿಸುವುದು ಸಾಮಾನ್ಯ. ಅಲ್ಲಿ ಅನುಮೋದನೆ ಪಡೆದ ಕೊಕ್ಕೆಗೆ ಒಂದು ಚಿಕ್ಕ ಫಲಕ ಅಂಟಿರುತ್ತದೆ. ಅದರ ಮೇಲೆ ಅನುಮೋದನೆಯ ಸಂಖ್ಯೆ, ತಡೆಯಬಲ್ಲ ಎಳೆತ, ಮೇಲಿನಿಂದ ಹೊರಬಲ್ಲ ಭಾರ ಇವು ಅಚ್ಚಾಗಿರುತ್ತವೆ. ಬ್ರಿಟನ್ನಿನಲ್ಲಿ 1998ರ ಆಗಸ್ಟ್ 1ರಿಂದ ಬಳಕೆಗೆ ಬಂದ ಕಾರುಗಳಿಗೆ ಇಂತಹ ಅನುಮೋದಿತ ಕೊಕ್ಕೆಯೇ ಬೇಕು. ಸೈಕಲ್ಲು ಎರಡನ್ನೋ ಸಾಮಾನಿನ ಪುಟ್ಟ ಗಾಡಿಯನ್ನೋ ಎಳೆಯುವ ಕೊಕ್ಕೆಗೆ ಅಷ್ಟು ಎಚ್ಚರವಿದ್ದರೆ, 20 ಟನ್ ಕಬ್ಬು ಎಳೆಯುವ ಕೊಕ್ಕೆಗೆ ಎಷ್ಟಿರಬೇಕು? ಮುಧೋಳದ ಅಥವಾ ಜಮಖಂಡಿಯ ಒಬ್ಬ ತಯಾರಕ ತನ್ನ ಹೆಸರು, ತಯಾರಿಸಿದ ವರ್ಷ, ಪರೀಕ್ಷಿಸಿ ನೋಡಿದ ಭಾರ ಇಷ್ಟನ್ನು ಕೊಕ್ಕೆಯ ಮೇಲೆ ಅಚ್ಚೊತ್ತಿ ಮಾರಿದರೆ, ಗಿರಾಕಿ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಅದನ್ನೇ ಕೇಳಿ ಒಯ್ಯುವ ದಿನ ಬಂದೀತು.

ಬಿಲ್ಲು ಮತ್ತು ತೆರಿಗೆ

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ, ಟ್ರ್ಯಾಕ್ಟರಿನ ಟೈರು ಟ್ಯೂಬುಗಳ ಮೇಲಿನದು ಶೇಕಡಾ 18ರಿಂದ 5ಕ್ಕೆ ಇಳಿಯಿತು. ತಾವೇ ಹೇರಿಕೊಳ್ಳುವ ಅಥವಾ ಇಳಿಸುವ ಕೃಷಿ ಟ್ರೇಲರುಗಳ ದರವೂ ಶೇಕಡಾ 12ರಿಂದ 5ಕ್ಕೆ ಬಂದಿತು. ಎಲ್ಲ ಟ್ರೇಲರುಗಳೂ ಎಲ್ಲ ಬಿಡಿಭಾಗಗಳೂ ಈ ದರಕ್ಕೆ ಸೇರುತ್ತವೆಯೆಂದು ಭಾವಿಸಬಾರದು. ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಸಂಖ್ಯೆಯನ್ನು ನೋಡಿಯೇ ದರವನ್ನು ಒಪ್ಪಬೇಕು. ಶೇಕಡಾ 18ರ ದರದಲ್ಲಿ ಉಕ್ಕು ಕೊಂಡು ಶೇಕಡಾ 5ರ ದರದಲ್ಲಿ ಸರಕು ಮಾರುವ ತಯಾರಕರಲ್ಲಿ ಹೂಡುವಳಿ ತೆರಿಗೆಯ ಜಮೆ ಉಳಿದುಕೊಳ್ಳುತ್ತದೆ. ಅದನ್ನು ಮರುಪಾವತಿಯಾಗಿ ಕೇಳಲು ಕಾಯ್ದೆಯಲ್ಲಿ ಅವಕಾಶವಿದ್ದು, ಅರ್ಜಿಯ ಗಡುವನ್ನು ತಪ್ಪಿಸಬಾರದು.

ಪಿನ್ನು, ಬೋಲ್ಟು, ಕೀಲುಗಳನ್ನು ಬದಲಿಸಿದ ಖರ್ಚು ದುರಸ್ತಿಯ ಬಾಬ್ತಿಗೆ ಸೇರಿ ಆ ವರ್ಷದ ಆದಾಯದಲ್ಲಿಯೇ ಕಳೆಯುತ್ತದೆ. ಹೊಸ ಟ್ರೇಲರಿನೊಂದಿಗೆ ಹೊಸ ಕೊಕ್ಕೆ ಹಾಕಿಸಿದರೆ ಅದು ಆಸ್ತಿಯ ಬೆಲೆಗೆ ಸೇರುತ್ತದೆ. ನವೆಂಬರಿನಲ್ಲಿ ಕೊಂಡ ಟ್ರೇಲರು ಮಾರ್ಚ್ ಕೊನೆಗೆ 180 ದಿನಗಳನ್ನು ಪೂರೈಸದ ಕಾರಣ ಮೊದಲ ವರ್ಷ ಅರ್ಧ ಸವಕಳಿ ಮಾತ್ರ ಸಿಗುತ್ತದೆಂಬುದೂ ನೆನಪಿರಲಿ. ಬಿಲ್ಲಿಗೆ ಇನ್ನೊಂದು ಉಪಯೋಗವಿದೆ. ಅಪಘಾತದ ನಂತರ ಕೊಕ್ಕೆ ಯಾವಾಗ, ಎಲ್ಲಿ, ಎಂತಹುದನ್ನು ಹಾಕಿಸಲಾಯಿತೆಂಬ ಪ್ರಶ್ನೆ ಎದ್ದಾಗ ಮಾಲೀಕನ ಎಚ್ಚರಕ್ಕೆ ಸಾಕ್ಷಿಯಾಗಿ ನಿಲ್ಲುವುದು ಆ ಕಾಗದವೇ.

ಹಂಗಾಮಿಗೆ ಮುನ್ನ

ಪ್ರತಿಯೊಬ್ಬ ಮಾಲೀಕರೂ ಹಂಗಾಮು ಶುರುವಾಗುವ ಮೊದಲು ಈ ಕೆಳಗಿನವನ್ನು ನೋಡಿಕೊಳ್ಳುವುದು ಒಳಿತು:

1. ಕೊಕ್ಕೆಯ ಬೋಲ್ಟುಗಳ ಬಿಗಿ, ಹೌಸಿಂಗಿನಲ್ಲಿ ಬಿರುಕು, ಎಣ್ಣೆಯ ಜಿನುಗು.
2. ಪಿನ್ನಿನ ದಪ್ಪ, ಎಳೆಬಾರಿನ ಕಣ್ಣಿನ ಸವೆತ, ಕೀಲು ಮತ್ತು ಸುರಕ್ಷಾ ಸರಪಳಿ.
3. ಎಡ ಬಲ ಬ್ರೇಕ್ ಪೆಡಲುಗಳನ್ನು ಒಂದುಗೂಡಿಸುವ ಚಿಲಕ. ರಸ್ತೆಯಲ್ಲಿ ಇದು ಹಾಕಿಯೇ ಇರಬೇಕು.
4. ಕೊನೆಯ ಟ್ರೇಲರಿನ ಹಿಂಬದಿಯ ದೀಪ, ಕೆಂಪು ರಿಫ್ಲೆಕ್ಟರು ಪಟ್ಟಿ, ನೋಂದಣಿ ಸಂಖ್ಯೆ.
5. ಎರಡೂ ಟ್ರೇಲರುಗಳ ನೋಂದಣಿ ಪತ್ರ, ಪಾಲಿಸಿಯಲ್ಲಿ ಅವುಗಳ ಹೆಸರು, ಬಾಡಿಗೆ ಬಳಕೆಯ ನಮೂದು. ಸಂದೇಹವಿದ್ದರೆ ಜಮಖಂಡಿಯ ಅಥವಾ ಬಾಗಲಕೋಟೆಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು.
6. ಚಾಲಕನಿಗೆ ಒಂದು ಮಾತು: ಏರುವಾಗ ಹಾಕಿದ ಗೇರಿನಲ್ಲಿಯೇ ಇಳಿಯಬೇಕು. ಬ್ರೇಕಿಲ್ಲದ ಟ್ರೇಲರು ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ತಳ್ಳುತ್ತದೆ.

ಇವೆಲ್ಲಕ್ಕೂ ಬೇಕಾದ ಸಮಯ ಅರ್ಧ ದಿನ. ಖರ್ಚು ಒಂದು ಸುತ್ತಿನ ಬಾಡಿಗೆಗಿಂತ ಹೆಚ್ಚಾಗದು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ವ್ಯಾಪಾರಸ್ಥರ ಮನೆಗಳಲ್ಲಿ ಹೊಸದಲ್ಲ. ಕೆಲವು ನೂರು ರೂಪಾಯಿಯ ಪಿನ್ನಿಗೆ ಹೋದ ಜೀವವಂತೂ ಯಾವ ಪರಿಹಾರದಿಂದಲೂ ಮರಳುವುದಿಲ್ಲ. ಮುಂದಿನ ಹಂಗಾಮಿನ ಮೊದಲ ಹೇರು ಗಲಗಲಿಯ ಹೊಲದಿಂದ ರಸ್ತೆಗೆ ಏರುವ ಮುನ್ನ ಮಾಲೀಕರು ಒಮ್ಮೆ ಬಗ್ಗಿ ಕೊಕ್ಕೆಯನ್ನು ಕೈಯಿಂದ ಅಲುಗಿಸಿ ನೋಡಲಿ. ಅದು ಗಟ್ಟಿಯಾಗಿ ನಿಂತಿದ್ದರೆ ಉಳಿದ ಲೆಕ್ಕಗಳನ್ನು ಸರಿಪಡಿಸಲು ವರ್ಷವೆಲ್ಲ ಸಮಯವಿದೆ.